ಹಿಂಡಿ ತಿಂದ ಮೀನು

ಹತ್ತಿಕಾಳು ತಿಂದ ಎಮ್ಮೆಯ ಬೆಣ್ಣೆ ಗಟ್ಟಿ. ಹಸಿರು ಹುಲ್ಲು ಮೇಯ್ದ ಆಕಳ ತುಪ್ಪಕ್ಕೆ ಹಳದಿ ಬಣ್ಣ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೈನು ಇರುವ ಯಾವ ಮನೆಯಲ್ಲಿ ಕೇಳಿದರೂ ಈ ಮಾತು ಹೇಳುತ್ತಾರೆ. ಇದಕ್ಕೆ ರಸಾಯನಶಾಸ್ತ್ರ ಓದಬೇಕಾಗಿಲ್ಲ, ಕೊಟ್ಟಿಗೆಯೊಂದಿದ್ದರೆ ಸಾಕು. ಕೊಟ್ಟಿಗೆಯ ಈ ಲೆಕ್ಕ ಹೊಂಡದ ಮೀನಿಗೂ ಸಲ್ಲುತ್ತದೆ ಎಂಬುದು ಮಾತ್ರ ಅನೇಕರಿಗೆ ಹೊಳೆದಿಲ್ಲ. ನಿಜ ಹೇಳಬೇಕೆಂದರೆ ಆಕಳಿಗಿಂತ ಮೀನಿಗೇ ಇದು ಹೆಚ್ಚು ಸಲ್ಲುತ್ತದೆ. ಆಕಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೇವಿನ ಎಣ್ಣೆಯನ್ನು ಬಹುಮಟ್ಟಿಗೆ ಬದಲಾಯಿಸಿಬಿಡುತ್ತವೆ. ಮೀನಿಗೆ ಅಂಥ ಹೊಟ್ಟೆಯಿಲ್ಲ. ತಿಂದ ಎಣ್ಣೆಯ ಗುಣ ಅದರ ಮಾಂಸದಲ್ಲಿ ಹೆಚ್ಚುಕಡಿಮೆ ಹಾಗೆಯೇ ಬಂದು ಕೂರುತ್ತದೆ.

ಕಾನಸೂರಿನ ಸುತ್ತಮುತ್ತ ಮೀನು ತಿನ್ನುವ ಮನೆಗಳಿಗೆ ಮೊದಲು ಗೊತ್ತಿದ್ದದ್ದು ಎರಡೇ ಬಗೆ. ಒಂದು, ಮೊದಲ ಮಳೆಗೆ ಹಳ್ಳ, ಗದ್ದೆ ಹತ್ತಿ ಬರುವ ಹತ್ತುಮೀನು. ಇನ್ನೊಂದು, ಕುಮಟಾ ಕಡೆಯಿಂದ ಘಟ್ಟ ಹತ್ತಿ ಬರುವ ತಾರ್ಲೆ ಮತ್ತು ಬಂಗಡೆ. (ಮಂಗಳೂರಿನವರು ಬೂತಾಯಿ ಎನ್ನುವುದು ಈ ತಾರ್ಲೆಗೇ.) ಈಗ ಮೂರನೆಯದೊಂದು ಸೇರಿಕೊಂಡಿದೆ: ಅಡಿಕೆ ತೋಟದ ಕೆಳಗೆ ತೆಗೆಸಿದ ಹೊಂಡದಲ್ಲಿ ಬೆಳೆಯುವ ಕಾಟ್ಲಾ, ರೋಹು.

ಅಂಥದೊಂದು ಹೊಂಡದ ಯಜಮಾನರಿಗೆ ಐವತ್ತೆಂಟು ವರ್ಷ. ಎದೆನೋವು ಬಂದು, ದೊಡ್ಡ ಊರಿನ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದರು. ಬರುವಾಗ ವೈದ್ಯರು, "ಕುರಿ ಮಾಂಸ ಬಿಡಿ, ವಾರಕ್ಕೆರಡು ಸಲ ಮೀನು ತಿನ್ನಿ" ಎಂದಿದ್ದರು. ಯಜಮಾನರಿಗೆ ಇದು ಅನುಕೂಲದ ಪಥ್ಯವೇ ಆಯಿತು. ಹೊಂಡದಲ್ಲಿ ಮೀನಿರುವಾಗ ತಾರ್ಲೆಗೆ ದುಡ್ಡು ಯಾಕೆ ಸುರಿಯಬೇಕು? ಮೀನಿನ ಗಾಡಿಯವ ಹಾರ್ನ್ ಹೊಡೆದರೂ ಮನೆಯಿಂದ ಯಾರೂ ಹೊರಗೆ ಬರುವುದು ಬೇಡವೆಂದರು. ಕಾಲೇಜಿಗೆ ಹೋಗುವ ಮಗಳಿಗೆ ಸಮಾಧಾನವಿಲ್ಲ.

"ಅಪ್ಪ, ಡಾಕ್ಟ್ರು ಹೇಳಿದ್ದು ಈ ಮೀನಲ್ಲ."

"ಮೀನು ಮೀನೇ ಅಲ್ಲನೇ? ಇದೂ ನೀರಲ್ಲೇ ಇರೋದು."

"ನೀರಲ್ಲೇ ಇರೋದು ಹೌದು. ಆದ್ರೆ ಇದು ತಿನ್ನೋದು ನೀನು ಹಾಕೋ ಶೇಂಗಾ ಹಿಂಡಿ. ತಾರ್ಲೆ ತಿನ್ನೋದು ಸಮುದ್ರದ ಪಾಚಿ."

ತಂದೆ ಸುಮ್ಮನಾದರು, ಒಪ್ಪಿದ್ದರಿಂದಲ್ಲ, ಉತ್ತರ ಹೊಳೆಯದ್ದರಿಂದ. ಇಬ್ಬರ ಮಾತಿನಲ್ಲೂ ಸತ್ಯದ ಒಂದೊಂದು ಪಾಲಿತ್ತು.

ಸರಪಳಿಯ ಉದ್ದ

ಎಣ್ಣೆ, ತುಪ್ಪ, ಚರ್ಬಿ ಎಲ್ಲದರಲ್ಲೂ ಇರುವುದು ಕೊಬ್ಬಿನಾಮ್ಲಗಳೆಂಬ ಇಂಗಾಲದ ಸರಪಳಿಗಳು. ಸರಪಳಿ ಎಷ್ಟು ಉದ್ದ, ಅದರಲ್ಲಿ ಜೋಡಿಬಂಧಗಳು ಎಷ್ಟು, ಬಾಲದ ತುದಿಯಿಂದ ಎಣಿಸಿದರೆ ಮೊದಲ ಜೋಡಿಬಂಧ ಎಷ್ಟನೆಯ ಇಂಗಾಲದಲ್ಲಿದೆ ಎಂಬುದರ ಮೇಲೆ ಅದರ ಗುಣ ನಿಂತಿದೆ. ಮೂರನೆಯದರಲ್ಲಿದ್ದರೆ ಒಮೆಗಾ-3, ಆರನೆಯದರಲ್ಲಿದ್ದರೆ ಒಮೆಗಾ-6. ಎರಡೂ ದೇಹಕ್ಕೆ ಬೇಕು, ಎರಡನ್ನೂ ದೇಹ ಮೊದಲಿನಿಂದ ತಯಾರಿಸಲಾರದು, ಆಹಾರದಿಂದಲೇ ಬರಬೇಕು.

ಅಗಸೆ ಮತ್ತು ಸಾಸಿವೆ ಎಣ್ಣೆಗಳಲ್ಲಿರುವ ಒಮೆಗಾ-3 ಹದಿನೆಂಟು ಇಂಗಾಲದ ಗಿಡ್ಡ ಸರಪಳಿ. ಹೃದಯ, ಮಿದುಳು, ಕಣ್ಣಿನ ಅಕ್ಷಿಪಟಲಗಳಿಗೆ ಬೇಕಾದವು ಇಪಿಎ, ಡಿಎಚ್‌ಎ ಎಂಬ ಇಪ್ಪತ್ತು ಮತ್ತು ಇಪ್ಪತ್ತೆರಡು ಇಂಗಾಲದ ಉದ್ದ ಸರಪಳಿಗಳು. ಗಿಡ್ಡದ್ದನ್ನು ಉದ್ದ ಮಾಡುವ ಕೆಲಸದಲ್ಲಿ ಮನುಷ್ಯನ ದೇಹ ಬಹಳ ಸೋಮಾರಿ. ವೈದ್ಯರು ಮೀನು ತಿನ್ನಿ ಎನ್ನುವುದು ಈ ಸಿದ್ಧಪಡಿಸಿದ ಉದ್ದ ಸರಪಳಿಗಾಗಿ. ವಯಸ್ಕರಿಗೆ ದಿನಕ್ಕೆ ಕನಿಷ್ಠ ಕಾಲು ಗ್ರಾಂ ಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು 2010ರ ವರದಿಯಲ್ಲಿ ಹೇಳಿದ್ದಾರೆ.

ಈ ಕತೆ ಶುರುವಾದದ್ದು 1970ರ ಸುಮಾರಿಗೆ, ಗ್ರೀನ್‌ಲ್ಯಾಂಡಿನ ಹಿಮದಲ್ಲಿ. ಸೀಲ್ ಪ್ರಾಣಿ ಮತ್ತು ಮೀನಿನ ಕೊಬ್ಬನ್ನು ಧಾರಾಳವಾಗಿ ತಿನ್ನುವ ಅಲ್ಲಿನ ಇನ್ಯುಯಿಟ್ ಜನರ ರಕ್ತವನ್ನು ಡೆನ್ಮಾರ್ಕಿನ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಪರೀಕ್ಷಿಸಿ, ಅದರಲ್ಲಿ ಕೊಬ್ಬು ಕಡಿಮೆಯಿರುವುದನ್ನು ಕಂಡರು. 1989ರಲ್ಲಿ ಪ್ರಕಟವಾದ ವೇಲ್ಸ್ ಅಧ್ಯಯನದಲ್ಲಿ, ಹೃದಯಾಘಾತದಿಂದ ಉಳಿದ 2,033 ಗಂಡಸರ ಪೈಕಿ ಎಣ್ಣೆಮೀನು ತಿನ್ನಲು ಸಲಹೆ ಪಡೆದವರಲ್ಲಿ ಎರಡು ವರ್ಷಗಳಲ್ಲಿ ಸಾವು ಶೇಕಡಾ 29ರಷ್ಟು ಕಡಿಮೆಯಾಗಿತ್ತು. ಆದರೆ ಮೀನೆಣ್ಣೆಯ ಗುಳಿಗೆಗಳು ಇದೇ ಮಹಿಮೆ ತೋರಿಸಲಿಲ್ಲ. 2018ರಲ್ಲಿ ಅಮೆರಿಕದಿಂದ ಬಂದ, 25,871 ಜನರ ಮೇಲೆ ನಡೆದ ಪ್ರಯೋಗದಲ್ಲಿ ಗುಳಿಗೆ ನುಂಗಿದವರಿಗೂ ಉಳಿದವರಿಗೂ ಒಟ್ಟಾರೆ ಹೃದ್ರೋಗದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಗುಳಿಗೆಗಿಂತ ತಟ್ಟೆಯ ಮೀನೇ ವಾಸಿ. ಯಾವ ಮೀನು ಎಂಬುದಷ್ಟೇ ಪ್ರಶ್ನೆ.

ಈ ಉದ್ದ ಸರಪಳಿಗಳ ಮೂಲ ತಯಾರಕ ಮೀನಲ್ಲ. ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ. ಮಳೆಗಾಲದಲ್ಲಿ ನಮ್ಮ ಕರಾವಳಿಯ ತಳದ ನೀರು ಮೇಲೆದ್ದು, ಅದರ ಸತ್ವದಿಂದ ಈ ಪಾಚಿ ಹುಲುಸಾಗಿ ಬೆಳೆಯುತ್ತದೆ. ತಾರ್ಲೆ ಅದನ್ನು ನೇರವಾಗಿ ಸೋಸಿ ತಿಂದು ಕೊಬ್ಬುತ್ತದೆ. ಹಾಗಾಗಿ ಎಣ್ಣೆ ತುಂಬಿದ ಕಾಲದ ನೂರು ಗ್ರಾಂ ತಾರ್ಲೆಯಲ್ಲಿ ಒಂದು ಗ್ರಾಮಿನ ಆಸುಪಾಸು ಉದ್ದ ಸರಪಳಿ ಒಮೆಗಾ-3 ಸಿಗುತ್ತದೆ. ಹೊಂಡದ ಕಾಟ್ಲಾ, ರೋಹುಗಳಲ್ಲಿ ಮೊದಲೇ ಕೊಬ್ಬು ಕಡಿಮೆ. ಇರುವ ಕೊಬ್ಬಿನಲ್ಲೂ ಈ ಸರಪಳಿಯ ಪಾಲು ಚಿಕ್ಕದು.

ಹೊಂಡದ ಊಟ

1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿ ಅವರು ಗೆಂಡೆ ಜಾತಿಯ ಮೀನಿಗೆ ಹಾರ್ಮೋನು ಚುಚ್ಚಿ ಮೊಟ್ಟೆಯಿಡಿಸಿದರು. ಅಲ್ಲಿಂದ ಮುಂದೆ ಮರಿಮೀನು ಬೇಕಾದಾಗ ಸಿಗುವಂತಾಯಿತು. ಮರಿಯ ಜೊತೆಗೆ ದೇಶದ ತುಂಬ ಹರಡಿದ ಊಟ, ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿಯ ಸಮಪಾಲು ಮಿಶ್ರಣ. ಅಗ್ಗ, ಸುಲಭ, ಮೀನೂ ಬೇಗ ತೂಕ ಹಿಡಿಯುತ್ತದೆ. ಆದರೆ ಹಿಂಡಿಯಲ್ಲಿ ಉಳಿದಿರುವುದು ಶೇಂಗಾ ಎಣ್ಣೆ, ತೌಡಿನಲ್ಲಿರುವುದು ತೌಡೆಣ್ಣೆ. ಎರಡರಲ್ಲೂ ಸುಮಾರು ಮೂರನೇ ಒಂದು ಪಾಲು ಒಮೆಗಾ-6. ಒಮೆಗಾ-3 ಶೇಂಗಾದಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ತೌಡಿನಲ್ಲಿ ಹೆಸರಿಗೆ ಮಾತ್ರ. ಸೂರ್ಯಕಾಂತಿ ಎಣ್ಣೆಯಲ್ಲಂತೂ ಒಮೆಗಾ-6 ಅರ್ಧಕ್ಕಿಂತ ಹೆಚ್ಚು.

ಹಾಗೆಂದು ಹೊಂಡದ ಮೀನು ಕೆಟ್ಟದ್ದೆಂದು ಗಾಬರಿಯಾಗಬೇಕಿಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಸಾಕಿದ ತಿಲಾಪಿಯ ಮೀನಿನಲ್ಲಿ ಒಮೆಗಾ-6 ಅತಿಯಾಗಿದೆ ಎಂದಾಗ, ಅದು ಹಂದಿ ಮಾಂಸಕ್ಕಿಂತ ಕೀಳೆಂಬ ಗುಲ್ಲೆದ್ದಿತು. ಕೂಡಲೇ ಬೇರೆ ತಜ್ಞರು ಕೂಡಿ ಅದನ್ನು ಅಲ್ಲಗಳೆದರು. ಕೊಬ್ಬು ಕಡಿಮೆಯಿರುವ, ಪ್ರೋಟೀನು ತುಂಬಿದ ಮೀನು ಕುರಿ ಮಾಂಸದ ಜಾಗಕ್ಕೆ ಬಂದರೆ ಹೃದಯಕ್ಕೆ ಲಾಭವೇ. ಅಲ್ಲಿಗೆ ತಂದೆಯ ಮಾತಿನ ಪಾಲು ಸತ್ಯವೂ ನಿಲ್ಲುತ್ತದೆ. ಮಾಂಸ ಬಿಟ್ಟ ಲಾಭ ಅವರಿಗೆ ಸಿಕ್ಕಿತು. ತಾರ್ಲೆಯ ಲಾಭ ಸಿಗಲಿಲ್ಲ.

ನಾರ್ವೆಯ ಪಾಠ

ಇದೇ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಎದ್ದದ್ದು ನಾರ್ವೆಯಲ್ಲಿ. ಅಲ್ಲಿ ಕಡಲಿನ ಬಲೆಗೂಡುಗಳಲ್ಲಿ ಸಾಲ್ಮನ್ ಸಾಕುತ್ತಾರೆ. 1990ರಲ್ಲಿ ಅದರ ಆಹಾರದ ಶೇಕಡಾ 90ರಷ್ಟು ಮೀನಿನ ಹಿಟ್ಟು ಮತ್ತು ಮೀನೆಣ್ಣೆಯಾಗಿತ್ತು. ಇಡೀ ಪ್ರಪಂಚದಲ್ಲಿ ವರ್ಷಕ್ಕೆ ಸಿಗುವ ಮೀನೆಣ್ಣೆ ಸುಮಾರು ಹತ್ತು ಲಕ್ಷ ಟನ್ ಮಾತ್ರ. ಸಾಲ್ಮನ್ ಹೆಚ್ಚಿದಂತೆ ಅದು ಸಾಲಲಿಲ್ಲ. ಸಾಸಿವೆಯ ಕುಲದ ರೇಪ್‌ಸೀಡ್ ಎಣ್ಣೆ, ಸೋಯಾ ಮುಂತಾದವು ಒಳಗೆ ಬಂದವು. 2013ರ ಹೊತ್ತಿಗೆ ಕಡಲಿನ ಪಾಲು ಶೇಕಡಾ 30ಕ್ಕೆ ಇಳಿಯಿತು.

ಇದರಿಂದ ಒಳ್ಳೆಯದೂ ಆಯಿತು. ಸಾಲ್ಮನ್ನಿಗಾಗಿ ಹಿಡಿಯುವ ಚಿಕ್ಕ ಮೀನುಗಳ ಮೇಲಿನ ಒತ್ತಡ ಇಳಿಯಿತು. ಮೀನೆಣ್ಣೆಯೊಂದಿಗೆ ಬರುತ್ತಿದ್ದ ಡಯಾಕ್ಸಿನ್‌ನಂಥ ಕಲ್ಮಶಗಳೂ ಕಡಿಮೆಯಾದವು. ಆದರೆ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದವರು ಅಳೆದು ನೋಡಿದಾಗ, 2006ರಿಂದ 2015ರೊಳಗೆ ಅಲ್ಲಿನ ಸಾಕಿದ ಸಾಲ್ಮನ್ನಿನಲ್ಲಿ ಉದ್ದ ಸರಪಳಿ ಒಮೆಗಾ-3 ಅರ್ಧಕ್ಕಿಳಿದಿತ್ತು. ಮೊದಲು ಒಂದು ತುಂಡಿನಿಂದ ಸಿಗುತ್ತಿದ್ದ ಲಾಭಕ್ಕೆ ಈಗ ಎರಡು ತುಂಡು ತಿನ್ನಬೇಕು.

ತಿಂದವರ ದೇಹದಲ್ಲಿ ವ್ಯತ್ಯಾಸ ಕಾಣುವುದೇ? ನಾರ್ವೆಯವರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಸುಮಾರು 60 ಹೃದ್ರೋಗಿಗಳನ್ನು ಮೂರು ಗುಂಪು ಮಾಡಿ ಆರು ವಾರ ಸಾಲ್ಮನ್ ತಿನ್ನಿಸಿದರು. ಒಂದು ಗುಂಪಿಗೆ ಮೀನೆಣ್ಣೆ ತಿಂದು ಬೆಳೆದ ಮೀನು, ಇನ್ನೊಂದಕ್ಕೆ ರೇಪ್‌ಸೀಡ್ ಎಣ್ಣೆ ತಿಂದದ್ದು, ಮತ್ತೊಂದಕ್ಕೆ ಎರಡನ್ನೂ ಬೆರೆಸಿ ತಿಂದದ್ದು. ರಕ್ತದ ಟ್ರೈಗ್ಲಿಸರೈಡ್ ಕೊಬ್ಬು ಮತ್ತು ರಕ್ತನಾಳದ ಉರಿಯೂತದ ಗುರುತುಗಳು ಹೆಚ್ಚು ಸುಧಾರಿಸಿದ್ದು ಮೊದಲ ಗುಂಪಿನಲ್ಲಿ. ಒಂದೇ ಜಾತಿಯ ಮೀನು, ತಿಂದ ಎಣ್ಣೆ ಮಾತ್ರ ಬೇರೆ. ಕಾನಸೂರಿನ ಹುಡುಗಿ ಅಡುಗೆಮನೆಯಲ್ಲಿ ಹೇಳಿದ್ದೂ ಇದನ್ನೇ.

ತಾರ್ಲೆ ಎಲ್ಲಿ ಹೋಗುತ್ತದೆ?

ಹಾಗಾದರೆ ಎಲ್ಲರೂ ತಾರ್ಲೆಯನ್ನೇ ತಿನ್ನಬಹುದಲ್ಲ? ತಾರ್ಲೆ ಬಡವರ ಮೀನೆಂದೇ ಹೆಸರಾದದ್ದು. ಸುಗ್ಗಿ ಹೆಚ್ಚಾದಾಗ ಅದರ ಎಣ್ಣೆ ತೆಗೆದು ಮರದ ದೋಣಿಗಳಿಗೆ ಬಳಿಯುತ್ತಿದ್ದರು, ಉಳಿದದ್ದನ್ನು ತೆಂಗಿಗೆ, ಕಾಫಿ ತೋಟಕ್ಕೆ ಗೊಬ್ಬರ ಮಾಡುತ್ತಿದ್ದರು. ಈಗ ಅದೇ ಮೀನಿನ ಒಂದು ದೊಡ್ಡ ಪಾಲು ಕರಾವಳಿಯ ಮೀನುಹಿಟ್ಟಿನ ಕಾರ್ಖಾನೆ ಸೇರುತ್ತದೆ. ನಾಲ್ಕೈದು ಕಿಲೋ ಹಸಿ ಮೀನಿನಿಂದ ಒಂದು ಕಿಲೋ ಹಿಟ್ಟು. ಹಿಟ್ಟು, ಎಣ್ಣೆಗಳು ಸಿಗಡಿ ಮತ್ತು ಮೀನಿನ ಸಾಕಣೆಗಾಗಿ ಆಂಧ್ರಕ್ಕೆ, ಹೊರದೇಶಗಳಿಗೆ ಹೋಗುತ್ತವೆ. ಬಡವನ ತಟ್ಟೆಯ ಒಮೆಗಾ ಹೀಗೆ ಸುತ್ತು ಹಾಕಿ ಸಿರಿವಂತನ ತಟ್ಟೆ ಸೇರುತ್ತದೆ.

ಅದರ ಮೇಲೆ ತಾರ್ಲೆ ನಂಬಿಕೆಗೆ ಅರ್ಹವಾದ ಮೀನೂ ಅಲ್ಲ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದು, 2021ರಲ್ಲಿ ಮೂರೂವರೆ ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಮುಂದೆ ಮತ್ತೆ ಏರಿತು. ಮಳೆ, ಕಡಲಿನ ಬಿಸಿ, ಮರಿಮೀನನ್ನೂ ಬಿಡದ ಬಲೆ ಎಲ್ಲವೂ ಇದಕ್ಕೆ ಕಾರಣ. ಆದ್ದರಿಂದ ಸಾಕುವ ಮೀನಿಗೆ ಸಸ್ಯದ ಎಣ್ಣೆಯನ್ನೇ ಬೇಡವೆನ್ನುವಂತಿಲ್ಲ. ಕಡಲು ಉಳಿಯಬೇಕಾದರೆ ಅದು ಬೇಕು. ಆರಿಸಬೇಕಾದದ್ದು ಯಾವ ಸಸ್ಯ ಎಂಬುದನ್ನು.

ಬೊಹೆಮಿಯಾದ ಗೆಂಡೆ

ಚೆಕ್ ದೇಶದವರಿಗೆ ಹೊಂಡದ ಗೆಂಡೆ ಮೀನಿಲ್ಲದೆ ಕ್ರಿಸ್‌ಮಸ್ ಊಟವಿಲ್ಲ. ಅಲ್ಲಿಯೂ ಮೀನಿಗೆ ಹಾಕುತ್ತಿದ್ದದ್ದು ಧಾನ್ಯ. ದಕ್ಷಿಣ ಬೊಹೆಮಿಯಾ ವಿಶ್ವವಿದ್ಯಾಲಯದವರು ಹೊಂಡದ ಸಹಜ ಆಹಾರವನ್ನು ಕಾಪಾಡಿಕೊಂಡು, ಧಾನ್ಯದ ಬದಲು ಅಗಸೆ ಮತ್ತು ರೇಪ್‌ಸೀಡ್ ಸೇರಿದ ಆಹಾರ ಕೊಟ್ಟು ಒಮೆಗಾ-3 ಹೆಚ್ಚಿದ ಗೆಂಡೆ ಬೆಳೆದರು. ಹೃದಯದ ಶಸ್ತ್ರಚಿಕಿತ್ಸೆಯಾದವರಿಗೆ ನಾಲ್ಕು ವಾರ ಅದನ್ನು ಕೊಟ್ಟಾಗ ಟ್ರೈಗ್ಲಿಸರೈಡ್ ಇಳಿದು, ಒಳ್ಳೆಯ ಕೊಲೆಸ್ಟೆರಾಲ್ ಏರಿದ್ದನ್ನು 2011ರಲ್ಲಿ ವರದಿ ಮಾಡಿದರು.

ಇದರ ಗುಟ್ಟು ಗೆಂಡೆಯ ಯಕೃತ್ತಿನಲ್ಲಿದೆ. ಸಿಹಿನೀರಿನ ಈ ಮೀನುಗಳು ಗಿಡ್ಡ ಸರಪಳಿಯನ್ನು ಉದ್ದ ಮಾಡಬಲ್ಲವು. ಮನುಷ್ಯನಷ್ಟು ಸೋಮಾರಿಗಳಲ್ಲ, ಕಡಲಿನ ಮೀನುಗಳಿಗಿಂತಲೂ ಜಾಣ. ಕಾಟ್ಲಾ, ರೋಹುಗಳೂ ಇದೇ ಕುಟುಂಬದವು. ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಒಮೆಗಾ-3 ಇದೆ. ಬಯಲುಸೀಮೆಯವರ ಅಗಸೆ ಚಟ್ನಿಪುಡಿ ಘಟ್ಟದ ಮೇಲಿನವರಿಗೆ ಅಪರಿಚಿತವೇನಲ್ಲ. ಶೇಂಗಾ ಹಿಂಡಿಯ ಒಂದು ಸಣ್ಣ ಭಾಗದ ಬದಲು ಅಗಸೆ ಹಿಂಡಿ ಬೆರೆಸಬಹುದು. ಅಗಸೆಯಲ್ಲಿ ಸ್ವಲ್ಪ ಸಯನೈಡಿನ ಅಂಶವಿರುವುದರಿಂದ ಹೆಚ್ಚು ಮಾತ್ರ ಹಾಕಬಾರದು.

ಹಿಂಡಿಗಿಂತ ಮುಖ್ಯವಾದದ್ದು ನೀರಿನ ಬಣ್ಣ. ಸುಣ್ಣ ಹಾಕಿ, ಸಗಣಿ ಗೊಬ್ಬರವನ್ನು ಹದವಾಗಿ ಕೊಟ್ಟರೆ ನೀರು ತೆಳುಹಸಿರಾಗುತ್ತದೆ. ಆ ಹಸಿರು ತಾರ್ಲೆ ತಿನ್ನುವ ಪಾಚಿಯ ಸಿಹಿನೀರಿನ ನೆಂಟ. ಅದನ್ನು ತಿಂದ ಸೂಕ್ಷ್ಮಪ್ರಾಣಿಗಳನ್ನು ಕಾಟ್ಲಾ ಮೇಲ್ನೀರಿನಲ್ಲೇ ಸೋಸಿ ತಿನ್ನುತ್ತದೆ. ಹಿಂಡಿಯನ್ನೇ ನೆಚ್ಚಿಕೊಂಡ ಹೊಂಡಕ್ಕಿಂತ ಹಸಿರನ್ನು ನೆಚ್ಚಿದ ಹೊಂಡದ ಮೀನು ಮೇಲು.

ಮಲೆನಾಡಿನವರು ನೆನಪಿಡಬೇಕಾದ ಇನ್ನೊಂದು ಸಂಗತಿ ಬೂಸ್ಟು. ಆಷಾಢದ ತೇವದಲ್ಲಿ ಹಿಂಡಿಯ ಚೀಲ ಬೂಸ್ಟು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಸ್ಟು ಹಿಡಿದ ಶೇಂಗಾ ಹಿಂಡಿ ತಿಂದು ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಜಗತ್ತಿಗೆ ಗೊತ್ತಾಯಿತು. ದನಕ್ಕೆ ಬೇಡವಾದ ಹಿಂಡಿಯನ್ನು ಮೀನಿಗಿರಲಿ ಎಂದು ಹೊಂಡಕ್ಕೆ ಸುರಿಯುವ ಅಭ್ಯಾಸ ಒಳ್ಳೆಯದಲ್ಲ.

ಕಾನಸೂರಿನ ಆ ಮನೆಯಲ್ಲಿ ರಾಜಿಯಾಗಿದೆ. ವಾರದಲ್ಲಿ ಒಂದು ದಿನ ಗಾಡಿಯ ತಾರ್ಲೆ ಅಥವಾ ಬಂಗಡೆ, ಇನ್ನೊಂದು ದಿನ ಹೊಂಡದ ಕಾಟ್ಲಾ. ತಾರ್ಲೆಯನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಿಯುವುದು ಬಿಟ್ಟು ಮುರುಗಲು ಹುಳಿ ಹಾಕಿ ಸಾರು ಮಾಡುತ್ತಾರೆ. ಇಷ್ಟು ಲೆಕ್ಕ ಯಾವ ಮನೆಗೂ ಭಾರವಲ್ಲ. ಪೇಟೆಗಳಲ್ಲಿ ಈಗ ಸಾಕಿದ ಮೀನು ವರ್ಷವಿಡೀ ಸಿಗುತ್ತದೆ. ಕೊಳ್ಳುವವರು ಕಿವಿರು ಎತ್ತಿ ತಾಜಾ ಇದೆಯೇ ಎಂದು ನೋಡುತ್ತಾರೆ, ಬೆಲೆ ಚೌಕಾಸಿ ಮಾಡುತ್ತಾರೆ. ಅದರ ಜೊತೆಗೆ, ಇದಕ್ಕೆ ಏನು ಹಾಕಿ ಬೆಳೆಸಿದಿರಿ ಎಂದು ಒಂದು ಮಾತು ಕೇಳುವುದೂ ರೂಢಿಯಾಗಬೇಕು. ಹಾಲು ಕೊಳ್ಳುವಾಗ ನಮ್ಮ ಹಿರಿಯರು ಕೇಳುತ್ತಿದ್ದರಲ್ಲ, ಹಾಗೆ.