ಕಾಲಿನ ನಾಳ ಮಾಯುವ ಬಗೆ

ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ ಎಂಬ ದೂರನ್ನು ನಮ್ಮ ಕಡೆ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಶಿಡ್ಲಘಟ್ಟದ ನನ್ನ ಭಾವನವರೂ ಹಾಗೆಯೇ ಎರಡು ವರ್ಷ ಕಳೆದರು. ಕೊನೆಗೆ ಬೆಂಗಳೂರಿನಲ್ಲಿ ಅವರ ತೊಡೆಯ ಅಪಧಮನಿಗೆ ಔಷಧಲೇಪಿತ ಸ್ಟೆಂಟ್ ಹಾಕಿದರು. ಈಗ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಪೂರ್ತಿ ಸುತ್ತುತ್ತಾರೆ. ಮೂರನೆಯ ತಿಂಗಳಿನಲ್ಲಿ ಹಲ್ಲು ಕೀಳಿಸಬೇಕಾಗಿ ಬಂದಾಗ, "ಕಾಲು ಗುಣವಾಯಿತಲ್ಲ ಮೇಷ್ಟ್ರೇ, ಆ ಮಾತ್ರೆಗಳನ್ನು ನಿಲ್ಲಿಸಿಬಿಡುತ್ತೇನೆ" ಎಂದರು. ಈ ಬರಹ ಅವರಿಗಾಗಿಯೂ, ಅಂಥದೇ ಪ್ರಶ್ನೆ ಕೇಳಿದ ಗೌರಿಬಿದನೂರಿನ ನನ್ನ ಹಳೆಯ ವಿದ್ಯಾರ್ಥಿಗಾಗಿಯೂ.

ಮುಚ್ಚಿದ ನಾಳವನ್ನು ಒಳಗಿನಿಂದಲೇ ಹಿಗ್ಗಿಸುವ ವಿದ್ಯೆ ಹುಟ್ಟಿದ್ದು ಕಾಲಿನಲ್ಲಿ. 1964ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ಎಂಬ ವೈದ್ಯರು ಕಾಲು ಕತ್ತರಿಸಲೊಪ್ಪದ ವೃದ್ಧೆಯೊಬ್ಬರಿಗೆ ಅದನ್ನು ಮಾಡಿದರು. ಬಲೂನು ಹೃದಯಕ್ಕೆ ಹೋದದ್ದು 1977ರಲ್ಲಿ.

ನಾಳವನ್ನು ಹಿಗ್ಗಿಸುವುದೆಂದರೆ ಅದರ ಒಳಗೋಡೆಗೆ ಗಾಯ ಮಾಡುವುದೆಂದೇ ಅರ್ಥ. ಗಾಯ ಮಾಯುವಾಗ ಕೆಲವರ ಚರ್ಮ ಉಬ್ಬಿ ನಿಲ್ಲುವುದನ್ನು ನೀವು ಕಂಡಿದ್ದೀರಿ. ನಾಳದೊಳಗೂ ಸ್ನಾಯುಕೋಶಗಳು ಅತಿಯಾಗಿ ಬೆಳೆದು ದಾರಿಯನ್ನು ಮತ್ತೆ ಕಿರಿದು ಮಾಡುತ್ತವೆ. ಅದನ್ನು ತಡೆಯಲೆಂದೇ ಸ್ಟೆಂಟಿಗೆ ಪ್ಯಾಕ್ಲಿಟ್ಯಾಕ್ಸೆಲ್‌ನಂತಹ ಔಷಧವನ್ನು ಲೇಪಿಸುತ್ತಾರೆ. ಯೂ ಮರದ ತೊಗಟೆಯಲ್ಲಿ ಮೊದಲು ದೊರೆತ ಈ ಔಷಧವನ್ನು ಕ್ಯಾನ್ಸರಿಗೂ ಕೊಡುತ್ತಾರೆ. ಕೋಶ ವಿಭಜನೆಯನ್ನು ನಿಲ್ಲಿಸುವುದು ಅದರ ಕೆಲಸ.

ತೊಡಕಿರುವುದೂ ಇಲ್ಲಿಯೇ. ಬೇಡದ ಕೋಶಗಳ ಜೊತೆಗೆ ಬೇಕಾದವುಗಳ ಬೆಳವಣಿಗೆಯೂ ನಿಧಾನವಾಗುತ್ತದೆ. ನಾಳದ ಒಳಮೈಗೆ ಒಂದೇ ಪದರದ ಕೋಶಗಳ ಹೊದಿಕೆಯುಂಟು. ಅದು ಲೋಹದ ತಂತಿಗಳನ್ನು ಮುಚ್ಚುವವರೆಗೆ ರಕ್ತ ಅವುಗಳ ಮೇಲೆ ಹೆಪ್ಪುಗಟ್ಟಬಹುದು. ಜಪಾನಿನ ವೈದ್ಯರು ಸೂಕ್ಷ್ಮ ದರ್ಶಕವನ್ನು ನಾಳದೊಳಗೇ ಇಳಿಸಿ ನೋಡಿದಾಗ, ಹಲವು ತಿಂಗಳ ನಂತರವೂ ಕೆಲವರಲ್ಲಿ ಬರಿಯ ತಂತಿಯೂ ಅಂಟಿದ ಹೆಪ್ಪೂ ಕಂಡವು. ಅದೂ ಅಲ್ಲದೆ ಕಾಲು ಎದೆಯಂತಲ್ಲ. ಕುಕ್ಕರಗಾಲಲ್ಲಿ ಕುಳಿತರೆ, ಮೆಟ್ಟಿಲು ಹತ್ತಿದರೆ ತೊಡೆಯ ನಾಳ ಬಾಗುತ್ತದೆ, ತಿರುಚುತ್ತದೆ. ಆದ್ದರಿಂದ ಅಲ್ಲಿಗೆ ನಿಕ್ಕಲ್ ಮತ್ತು ಟೈಟೇನಿಯಂ ಬೆರೆತ ನಿಟಿನಾಲ್ ಬಲೆಯನ್ನು ಹಾಕುತ್ತಾರೆ. ಅದು ಬಾಗಿದರೂ ಮರಳಿ ತನ್ನ ಆಕಾರಕ್ಕೆ ಬರುತ್ತದೆ, ಆದರೆ ಗೋಡೆಯನ್ನು ಬಹುಕಾಲ ಒತ್ತುತ್ತಲೇ ಇರುತ್ತದೆ. ಹೀಗಾಗಿ ಕಾಲಿನ ನಾಳ ಮತ್ತೆ ಕಿರಿದಾಗುವ ಭಯ ವರ್ಷ ಕಳೆದರೂ ಪೂರ್ತಿ ತೀರುವುದಿಲ್ಲ.

ನೋವು ನಿಂತದ್ದು ರಕ್ತ ಹರಿದದ್ದರಿಂದ, ಗಾಯ ಮಾಯ್ದದ್ದರಿಂದಲ್ಲ ಎಂದು ಭಾವನವರಿಗೆ ಹೇಳಿದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ಎಷ್ಟು ತಿಂಗಳು, ಆಮೇಲೆ ಯಾವ ಒಂದನ್ನು ನುಂಗಬೇಕೆಂಬುದನ್ನು ಸ್ಟೆಂಟ್ ಹಾಕಿದ ವೈದ್ಯರೇ ಹೇಳಬೇಕು. ಅವರನ್ನು ಕೇಳಿದೆವು. ಮಾತ್ರೆ ನಿಲ್ಲಿಸದೆಯೇ ಹಲ್ಲು ಕೀಳಿಸಿಯಾಯಿತು. ದಂತವೈದ್ಯರು ಹೊಲಿಗೆ ಹಾಕಿ, ಹತ್ತಿಯುಂಡೆ ಒತ್ತಿ ರಕ್ತ ನಿಲ್ಲಿಸಿದರು. ಬೀಡಿಯನ್ನು ಬಿಡಿಸಲು ಮಾತ್ರ ಅಕ್ಕ ಇನ್ನೂ ಹೋರಾಡುತ್ತಿದ್ದಾಳೆ.

ಈ ಔಷಧದಿಂದ ಸಾವು ಹೆಚ್ಚುತ್ತದೆಂಬ ಸುದ್ದಿಯನ್ನು ಚಿಂತಾಮಣಿಯ ಸೋದರಳಿಯ ಕಳಿಸಿದ್ದ. 2018ರ ಒಂದು ವಿಶ್ಲೇಷಣೆ ಹಾಗೆ ಹೇಳಿದ್ದುಂಟು. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದ್ದೂ ನಿಜ. ಹೆಚ್ಚು ವರ್ಷಗಳ ಮಾಹಿತಿ ಕೂಡಿಬಂದ ಮೇಲೆ, ಅದು ಆ ಭಯವನ್ನು ಸಮರ್ಥಿಸುವುದಿಲ್ಲವೆಂದು 2023ರ ಜುಲೈನಲ್ಲಿ ಅದೇ ಸಂಸ್ಥೆ ತಿಳಿಸಿತು. ಭಯಪಡಬೇಕಾದದ್ದು ಬೇರೆ: ಸ್ಟೆಂಟ್ ಇರುವ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ನೋಯತೊಡಗಿದರೆ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.