ಕುಂಕುಮಿಯ ಇರುಳ್ಬೆಚ್ಚು

ತಾಳವಾಡಿಯ ರಾತ್ರಿಗೆ ಸದ್ದುಗಳ ದೊಡ್ಡ ಸಂಸಾರವೇ ಇದೆ. ಊಟ ಮುಗಿಸಿ ಜಗಲಿಯ ಮೇಲೆ ಕಾಲು ಚಾಚಿ ಕೂತರೆ ಒಂದೊಂದಾಗಿ ಬಂದು ಹಾಜರಿ ಹಾಕುತ್ತವೆ. ಮೊದಲು ಜೀರುಂಡೆ, ಅದರ ಬೆನ್ನಿಗೆ ಕೆರೆಯ ಕಡೆಯ ಕಪ್ಪೆಗಳು, ಆಮೇಲೆ ತೆಂಗಿನ ಮರದಿಂದ ಹಾಲಕ್ಕಿಯ ಚೀರು. ಅದೂ ಅಡಗಿ, ಇನ್ನೇನು ಕಣ್ಣು ಹತ್ತಬೇಕು, ಕಾಡಂಚಿನ ಹೊಲದಲ್ಲಿ ಒಂದು ಪಟಾಕಿ ಸಿಡಿಯುತ್ತದೆ. ಯಾರದೋ ಬಾಳೆತೋಟಕ್ಕೆ ಆನೆ ಇಳಿದಿದೆ ಎಂದು ಅರ್ಥ. ಟಾರ್ಚುಗಳು ಅತ್ತಿತ್ತ ಓಡಾಡುತ್ತವೆ, ತಗಡು ಬಡಿಯುತ್ತಾರೆ, ಹೋಯ್ ಹೋಯ್ ಎಂಬ ಕೂಗು ಹೊಲದಿಂದ ಹೊಲಕ್ಕೆ ದಾಟುತ್ತದೆ. ಊರಂಚಿನ ಈ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವಾದದ್ದು 2013ರಲ್ಲಿ. ಆನೆಗಳು ಈ ಬೆಟ್ಟಗಳಲ್ಲಿ ಎಂದಿನಿಂದ ಓಡಾಡಿಕೊಂಡಿವೆಯೋ ಅದನ್ನು ಯಾವ ಕಾಗದವೂ ಬರೆದಿಟ್ಟಿಲ್ಲ. ನಮಗೆ ಈ ಗದ್ದಲ ಜೋಗುಳದಷ್ಟೇ ಪರಿಚಿತ. ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳುತ್ತೇವೆ, ಅಷ್ಟೆ.

ಕುಂಕುಮಿಗೆ ಹಾಗಲ್ಲ.

ಕುಂಕುಮಿ ನಮ್ಮ ಮನೆಯ ಕಾಕಟೀಲ್. ಬೀದಿಯವರ ಬಾಯಲ್ಲಿ ‘ಬಿಳಿ ಗಿಣಿ’. ಹಸಿರು ಗಿಣಿಯನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಅಡ್ಡ ನಿಂತಿದೆ, ನಿಂತದ್ದು ಬಹಳ ಒಳ್ಳೆಯದಾಯಿತು. ಜೋಳದ ತೆನೆಯ ಮೇಲೆ ಹಿಂಡಾಗಿ ಎರಗಿ, ಕಿರುಚಾಡಿ, ಅರ್ಧ ತಿಂದು ಅರ್ಧ ಚೆಲ್ಲಿ ಹಾರಿಹೋಗುವ ಆ ಹಸಿರನ್ನು ತಂತಿಯೊಳಗೆ ಕೂಡಿಟ್ಟು ನೋಡಲು ನನ್ನಿಂದಾಗದು. ಕುಂಕುಮಿಯ ಕುಲಮೂಲ ಆಸ್ಟ್ರೇಲಿಯದ ಒಣನೆಲ. ಕಾಕಟೂಗಳ ಬಳಗದಲ್ಲಿ ಎಲ್ಲಕ್ಕಿಂತ ಚಿಕ್ಕ ಹಕ್ಕಿ. ಆದರೆ ಇವಳ ಹಿಂದಿನ ಎಷ್ಟೋ ತಲೆಮಾರುಗಳು ಪಂಜರದಲ್ಲೇ ಮೊಟ್ಟೆಯೊಡೆದು ಬಂದವು, ಆ ನೆಲವನ್ನು ಕಂಡವಲ್ಲ. ಮೈಯೆಲ್ಲ ಕೆನೆಬಿಳುಪು, ಮುಖ ಹಳದಿ, ಕೆನ್ನೆಯ ಎರಡೂ ಕಡೆ ದುಂಡನೆಯ ಕಿತ್ತಳೆ ಬೊಟ್ಟು. ನೆತ್ತಿಯ ತುರಾಯಿಯೇ ಅವಳ ಮನಸ್ಸು. ನೆಟ್ಟಗೆ ನಿಂತರೆ ಗಾಬರಿ, ಹಿಂದಕ್ಕೆ ಅಂಟಿಕೊಂಡರೆ ಸಿಟ್ಟು, ಅರೆಬಾಗಿ ಸಡಿಲವಾಗಿದ್ದರೆ ನೆಮ್ಮದಿ. ಇಷ್ಟು ಬಿಚ್ಚುಮನಸ್ಸಿನ ಪ್ರಾಣಿಯನ್ನು ನಾನು ಬೇರೆ ಕಂಡಿಲ್ಲ.

ರಾತ್ರಿಯ ಸದ್ದಿಗೆ ಅವಳನ್ನು ಹಿಡಿಯುವ ದಿಗಿಲು, ಈ ಇರುಳ್ಬೆಚ್ಚು, ಹೇಳಿ ಕೇಳಿ ಬರುವುದಿಲ್ಲ. ಮನೆಯೆಲ್ಲ ಮಲಗಿರುವಾಗ ಒಮ್ಮೆಲೇ ಪಂಜರದೊಳಗೆ ಫಡಫಡ ಬಡಿತ; ರೆಕ್ಕೆ, ತಂತಿ, ಗಿಲಕಿ, ನೀರಿನ ಬಟ್ಟಲು ಎಲ್ಲ ಒಟ್ಟೊಟ್ಟಿಗೆ. ಎದ್ದು ದೀಪ ಹಾಕಿದರೆ ಪಂಜರದ ತಳದ ಮೂಲೆಗೆ ಒತ್ತಿಕೊಂಡು, ಕೊಕ್ಕು ತೆರೆದು ಏದುತ್ತಿರುತ್ತಾಳೆ. ಎದೆಯ ಗರಿಯ ಕೆಳಗೆ ಗುಂಡಿಗೆ ಹೊಡೆದುಕೊಳ್ಳುವುದು ಬರಿಗಣ್ಣಿಗೆ ಕಾಣುತ್ತದೆ. ಕಣ್ಣು ಅಗಲವಾಗಿ ತೆರೆದಿದೆ, ಆದರೆ ನಮ್ಮನ್ನು ನೋಡುತ್ತಿಲ್ಲ. ಒಮ್ಮೆ ಎಡರೆಕ್ಕೆಯ ಬಿಳುಪಿನ ಮೇಲೆ ರಕ್ತ. ಹೊಸದಾಗಿ ಮೂಡುತ್ತಿರುವ ಗರಿಯ ದಂಟಿನಲ್ಲಿ ರಕ್ತ ಹರಿಯುತ್ತಿರುತ್ತದಂತೆ. ತಂತಿಗೆ ತಗುಲಿ ಅದು ಮುರಿದರೆ ತೊಟ್ಟಿಕ್ಕತೊಡಗುತ್ತದೆ. 80-100 ಗ್ರಾಂ ತೂಗುವ ಮೈಯಲ್ಲಿ ಚೆಲ್ಲಿಕೊಳ್ಳಲು ಎಷ್ಟು ರಕ್ತವಿದ್ದೀತು? ಪಶುವೈದ್ಯರನ್ನು ಹುಡುಕಿ ಸತ್ಯಮಂಗಲಕ್ಕೆ ಇಳಿಯೋಣವೆಂದರೆ ದಿಂಬಂ ಘಾಟಿಯ 27 ತಿರುವುಗಳಿಗೆ ಆ ಹೊತ್ತಿನಲ್ಲಿ ಬೀಗ; ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಾಡುಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯಬಾರದೆಂದು ಮಾಡಿದ ಆ ನಿರ್ಬಂಧ ನನಗೆ ಪೂರ್ತಿ ಒಪ್ಪಿಗೆ. ಅವತ್ತು ಅವ್ವ ಟವೆಲಿನಲ್ಲಿ ಹಕ್ಕಿಯನ್ನು ಸಡಿಲವಾಗಿ ಸುತ್ತಿ ಹಿಡಿದಳು, ನಾನು ಬೆರಳ ತುದಿಯಲ್ಲಿ ಕಾರ್ನ್‌ಫ್ಲೋರ್ ತೆಗೆದುಕೊಂಡು ಗಾಯಕ್ಕೆ ಒತ್ತಿ ಹಿಡಿದೆ. ರಕ್ತ ನಿಂತಿತು. ಬೆಳಿಗ್ಗೆ ಚಾಮರಾಜನಗರದ ಬಸ್ಸು ಹತ್ತಿದೆವು.

ಯಾಕೆ ಬೆಚ್ಚುತ್ತಾಳೆ? ಸಾಕು ಹಕ್ಕಿಗಳಲ್ಲಿ ಕಾಕಟೀಲಿಗೆ ಈ ಕಾಟ ಹೆಚ್ಚು. ಹಗಲಿನ ಹಕ್ಕಿ, ಕತ್ತಲಲ್ಲಿ ಅದರ ಕಣ್ಣು ಸಾಲದು. ಬಯಲಿನಲ್ಲಿ ಹಿಂಡಾಗಿ ಬದುಕುವ ಜಾತಿಗೆ ರಾತ್ರಿಯ ಸಣ್ಣ ಸರಪರವೂ ಹಾವೋ ಗೂಬೆಯೋ ಆಗಿರಬಹುದು. ವಿಚಾರ ಮಾಡುತ್ತ ಕೂತವನಿಗೆ ಉಳಿವಿಲ್ಲ, ಮೊದಲು ಹಾರಬೇಕು. ಬಯಲಲ್ಲಿ ಆ ಹಾರಾಟ ಜೀವ ಉಳಿಸುತ್ತದೆ, ಪಂಜರದಲ್ಲಿ ಅದೇ ಹಾರಾಟ ಗರಿ ಮುರಿಯುತ್ತದೆ. ಬಾತುಕೋಳಿಗಳ ನಿದ್ದೆಯನ್ನು ಕುರಿತ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು: ಸಾಲಿನ ಅಂಚಿನಲ್ಲಿ ಮಲಗಿದ ಬಾತು ಹೊರಗಡೆಯ ಕಣ್ಣನ್ನು ತೆರೆದಿಟ್ಟು, ಮಿದುಳಿನ ಅರ್ಧಭಾಗವನ್ನು ಮಾತ್ರ ಮಲಗಿಸುತ್ತದಂತೆ. ನಡುವೆ ಇರುವವು ಎರಡೂ ಕಣ್ಣು ಮುಚ್ಚಿ ಹಾಯಾಗಿರುತ್ತವೆ. ಓದಿದಾಗಿನಿಂದ ನನ್ನದೊಂದು ಯೋಚನೆ. ಒಂಟಿಯಾಗಿ ಮಲಗುವ ಕುಂಕುಮಿಗೆ ಎಲ್ಲ ಕಡೆಯೂ ಅಂಚೇ ಅಲ್ಲವೆ?

ಅಂಚಿನಲ್ಲಿ ಮಲಗುವುದೆಂದರೆ ಏನೆಂದು ಈ ಸೀಮೆಯ ಜನಕ್ಕೆ ಗೊತ್ತು. ಬೆಳೆ ಕೈಗೆ ಬರುವ ಕಾಲಕ್ಕೆ ಕಾಡಂಚಿನ ಹೊಲದವರು ಅಟ್ಟಣೆ ಹತ್ತಿ ಅರೆನಿದ್ದೆಯಲ್ಲೇ ರಾತ್ರಿ ಕಳೆಯುತ್ತಾರೆ. ಜನರನ್ನು ಕೊಂದ ‘ಕರುಪ್ಪನ್’ ಎಂಬ ಸಲಗವನ್ನು ಪಳಗಿಸಿದ ಕುಮ್ಕಿ ಆನೆಗಳನ್ನು ತಂದು 2023ರ ಏಪ್ರಿಲ್‌ನಲ್ಲಿ ಹಿಡಿಯುವವರೆಗೆ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂಟಿಗಣ್ಣಿನ ನಿದ್ದೆಯೇ. ಅದಕ್ಕೂ ಹಿಂದೆ, 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಇಲ್ಲೇ ಗಾಜನೂರಿನ ಮನೆಯಿಂದ ನಟ ರಾಜಕುಮಾರರನ್ನು ಕರೆದೊಯ್ದ. ಅವರು ಬಿಡುಗಡೆಯಾಗಿ ಬಂದದ್ದು 108 ದಿನಗಳ ಮೇಲೆ. ಆ ದಿನಗಳ ಮಾತು ಬಂದರೆ ನಮ್ಮಜ್ಜಿ ಈಗಲೂ ದನಿ ತಗ್ಗಿಸುತ್ತಾಳೆ; ನಾಯಿ ಬೊಗಳಿದರೆ ಎದ್ದು ಕೂರುತ್ತಿದ್ದರಂತೆ.

ಆದ್ದರಿಂದಲೇ ಇರಬೇಕು, ಕುಂಕುಮಿಯ ಬೆಚ್ಚನ್ನು ಮನೆಯಲ್ಲಿ ಯಾರೂ ಹಗುರಾಗಿ ನೋಡಲಿಲ್ಲ. “ಏನ್ ಕಂಡ್ ಬೆಚ್ತೋ ಏನೋ ಕನಪ್ಪ, ಮೂಕಜೀವ” ಎಂದು ಅಜ್ಜಿ ಉಪ್ಪು ನಿವಾಳಿಸಿ ನೀರಿಗೆ ಹಾಕಿದಳು. ಜೊತೆಗೆ ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಲು ಹೊರಟಾಗ ತಡೆದೆ. ಹಕ್ಕಿಯ ಉಸಿರಿನ ಚೀಲಗಳು ಬಹಳ ನಾಜೂಕು, ಘಾಟು ತಡೆಯವು. ಹೇಳಿದೊಡನೆ ಒಪ್ಪಿದಳು. ಮಾದಪ್ಪನ ಧೂಳ್ತ, ಅಂದರೆ ವಿಭೂತಿಯನ್ನು ಮಾತ್ರ ಪಂಜರದ ಮೇಲ್ಕಂಬಿಗೆ ಒಂದು ಗೆರೆ ಎಳೆದಳು. ಅದು ಈಗಲೂ ಇದೆ. ನಾನು ಪಂಜರ ಒರೆಸುವಾಗ ಆ ಕಂಬಿಯನ್ನು ಬಿಟ್ಟು ಒರೆಸುತ್ತೇನೆ.

ಉಳಿದದ್ದು ನಿಧಾನವಾಗಿ ಕೈಗೂಡಿತು. ಕಿಟಕಿಯ ಪಕ್ಕದಿಂದ ಪಂಜರ ಒಳಗೋಡೆಗೆ ಬಂತು. ಹೊಲದ ಟಾರ್ಚೂ ಬೈಕಿನ ದೀಪವೂ ಈಗ ಅವಳ ಮೇಲೆ ಹಾಯುವುದಿಲ್ಲ. ಉಯ್ಯಾಲೆ, ಗಿಲಕಿಗಳು ಸಂಜೆಯೇ ಹೊರಗೆ, ಬಡಿದುಕೊಳ್ಳಲು ಏನೂ ಇರಬಾರದು. ಕೂರುವ ಕಡ್ಡಿ ಕೆಳಗಿಳಿಯಿತು. ಮೂರು ಕಡೆ ಅಪ್ಪಾಜಿಯ ಹಳೆಯ ಪಂಚೆ, ಮುಂದಿನ ಕಡೆ ಬಯಲು. ಮತ್ತು ಒಂದು ಜೀರೋ ಬಲ್ಬು. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದೇ ಎಂದು ನನ್ನ ನಂಬಿಕೆ. ಈ ಊರಲ್ಲಿ ರಾತ್ರಿಯ ಸದ್ದನ್ನು ನಿಲ್ಲಿಸಲು ಬರುವುದಿಲ್ಲ. ಬಾಳೆ ಉಳಿಸಿಕೊಳ್ಳುವವನಿಗೆ ಪಟಾಕಿ ಹೊಡೆಯಬೇಡ ಎಂದು ಯಾವ ಬಾಯಲ್ಲಿ ಹೇಳಲಿ? ಕುಂಕುಮಿ ಬೆಚ್ಚಲಿ. ಬೆಚ್ಚಿ ಎದ್ದಾಗ ತನ್ನ ಕಡ್ಡಿ ಎಲ್ಲಿದೆಯೆಂದು ಕಾಣುವಷ್ಟು ಬೆಳಕಿದ್ದರೆ ಮರಳಿ ಅಲ್ಲಿಗೇ ಬಂದು ಕೂರುತ್ತಾಳೆ. ಕರೆಂಟು ಹೋದರೆ ಇರಲಿ ಎಂದು ಚಾರ್ಜು ತುಂಬಿದ ಸಣ್ಣ ದೀಪವೂ ಪಕ್ಕದಲ್ಲಿದೆ.

ಆದರೂ ಬೆಚ್ಚಿದ ರಾತ್ರಿ ಅವ್ವ ಏಳುತ್ತಾಳೆ. ಪಂಜರದೊಳಗೆ ಕೈ ಹಾಕುವುದಿಲ್ಲ. ಆ ಗಳಿಗೆಯಲ್ಲಿ ಕೈಯೂ ಹಾವೇ. ತುಸು ದೂರದಲ್ಲಿ ಕೂತು, “ಏನಿಲ್ಲ ಕನವ್ವ, ನಾವಿಲ್ವಾ” ಎಂದು ಅದನ್ನೇ ಮತ್ತೆ ಮತ್ತೆ ತಗ್ಗಿದ ದನಿಯಲ್ಲಿ ಹೇಳುತ್ತಾಳೆ. ತುರಾಯಿ ಎಳೆ ಎಳೆಯಾಗಿ ಇಳಿಯುತ್ತದೆ. ಒಂದು ಕಾಲು ಗರಿಯೊಳಗೆ ಸೇರುತ್ತದೆ. ಆಮೇಲೆ ಕರಕರ ಎಂಬ ಬಲು ಸಣ್ಣ ಸದ್ದು: ಮೇಲ್ಗೊಕ್ಕಿಗೆ ಕೆಳಗೊಕ್ಕನ್ನು ಮಸೆಯುತ್ತಿದ್ದಾಳೆ. ನೆಮ್ಮದಿಯಾದ ಹಕ್ಕಿ ನಿದ್ದೆಗೆ ಮುಂಚೆ ಮಾಡುವ ಕೆಲಸ ಅದು. ಅಷ್ಟೆಲ್ಲ ಗದ್ದಲಗಳ ತಾಳವಾಡಿಯಲ್ಲಿ ನಾನು ಕಿವಿಗೊಟ್ಟು ಕಾಯುವ ಸದ್ದು ಇದೊಂದೇ.

ಇನ್ನು ದೀಪಾವಳಿ ಬರುತ್ತಿದೆ, ಪಟಾಕಿ ಕಾಡಂಚಿನಿಂದ ಬೀದಿಗೇ ಬರುತ್ತದೆ. ಪಂಜರಕ್ಕೆ ನಡುಕೋಣೆ ಗೊತ್ತಾಗಿದೆ, ಬಾಗಿಲ ಸಂದಿಗೆ ಕಂಬಳಿ ತೆಗೆದಿಟ್ಟಾಗಿದೆ. ಉಳಿದಿರುವುದು ಹಬ್ಬದ ಬೆನ್ನಿಗೆ ಗುಮಟಾಪುರದಲ್ಲಿ ನಡೆಯುವ ಗೊರೆ ಹಬ್ಬದ ಪ್ರಶ್ನೆ. ಬೀರೇಶ್ವರನ ಎದುರು ಊರಿಗೆ ಊರೇ ಸಗಣಿಯಲ್ಲಿ ಮಿಂದೇಳುವ ಆ ದಿನ ಮನೆಮಂದಿಗೆಲ್ಲ ಹೋಗುವ ಆಸೆ, ಕುಂಕುಮಿಯ ಜೊತೆಗೆ ಒಬ್ಬರಾದರೂ ಉಳಿಯಬೇಕು. ಅಪ್ಪಾಜಿ ನಾನಿರುತ್ತೇನೆ ಎನ್ನುತ್ತಾರೆ, ಅವ್ವ ಅವರನ್ನು ನಂಬಿ ಬಿಡಲು ಒಪ್ಪುತ್ತಿಲ್ಲ.