ಅರಮನೆಯ ಅಡುಗೆಮನೆಯಲ್ಲಿ ಉಳಿದ ಮಾತುಗಳು

ಲಂಡನ್ನಿಗೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿ ನೋಡಿ. ಬಕಿಂಗ್‌ಹ್ಯಾಂ ಅರಮನೆಯ ಪಹರೆ, ಬಿಗ್ ಬೆನ್ ಗಡಿಯಾರ, ಮೇಣದ ಗೊಂಬೆಗಳು, ಕೊಹಿನೂರ್ ವಜ್ರ ಎಂದು ಬೆರಳು ಮಡಿಚಿ ಎಣಿಸುತ್ತಾರೆ. ಹ್ಯಾಂಪ್ಟನ್ ಕೋರ್ಟ್ ಅರಮನೆಯ ಹೆಸರು ಆ ಎಣಿಕೆಯಲ್ಲಿ ಬರುವುದು ಅಪರೂಪ. ನಗರದ ನಡುಭಾಗದಿಂದ ಸುಮಾರು 20 ಕಿಲೋಮೀಟರ್ ನೈಋತ್ಯಕ್ಕೆ, ಥೇಮ್ಸ್ ನದಿಯ ದಡದಲ್ಲಿರುವ ಈ ಕೆಂಪು ಇಟ್ಟಿಗೆಯ ಅರಮನೆಗೆ ವಾಟರ್‌ಲೂ ನಿಲ್ದಾಣದಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ಇಳಿದು ಸೇತುವೆ ದಾಟಿದರೆ ಅರಮನೆ ಸಿಕ್ಕಿತೆಂದೇ ಲೆಕ್ಕ.

ಇದನ್ನು ಕಟ್ಟಿಸಲು ತೊಡಗಿದವನು ರಾಜನಲ್ಲ. ಕಟುಕನೊಬ್ಬನ ಮಗನಾಗಿ ಹುಟ್ಟಿ, ಚರ್ಚಿನಲ್ಲಿ ಮೇಲೇರಿ, ಎಂಟನೆಯ ಹೆನ್ರಿಯ ಬಲಗೈಯಾದ ಕಾರ್ಡಿನಲ್ ಥಾಮಸ್ ವುಲ್ಸಿ. 1514ರಲ್ಲಿ ಜಾಗವನ್ನು ಗೇಣಿಗೆ ಪಡೆದು ಅರಸರೇ ಅಸೂಯೆ ಪಡುವಂಥ ಮನೆಯನ್ನು ಎಬ್ಬಿಸಿದ. ಅಸೂಯೆ ಪಟ್ಟವನು ಅವನ ಅರಸನೇ. 1520ರ ದಶಕ ಮುಗಿಯುವ ಹೊತ್ತಿಗೆ ಮನೆ ಹೆನ್ರಿಯ ಕೈ ಸೇರಿತ್ತು. 1530ರಲ್ಲಿ ವುಲ್ಸಿ ರಾಜದ್ರೋಹದ ಆರೋಪ ಹೊತ್ತು, ವಿಚಾರಣೆಗೆಂದು ಲಂಡನ್ನಿನತ್ತ ಬರುವ ದಾರಿಯಲ್ಲೇ ತೀರಿಕೊಂಡ. ಹೆನ್ರಿಯ ಆರು ಮದುವೆಗಳ ಕಥೆ ನಿಮಗೆ ಶಾಲೆಯಲ್ಲೋ ಟಿ.ವಿ.ಯಲ್ಲೋ ಸಿಕ್ಕಿಯೇ ಇರುತ್ತದೆ. ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಈ ಅರಮನೆಯಲ್ಲಿ ನೋಡಬೇಕಾದ ಇನ್ನೊಂದು ವಸ್ತುವಿದೆ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿಲ್ಲ, ಅದಕ್ಕೆ ಕಾವಲುಗಾರನೂ ಇಲ್ಲ. ಅದು ಇಂಗ್ಲಿಷ್ ಭಾಷೆಯ ಹಳೆಯ ಮಾತು.

ಯುವಮಿತ್ರರೇ, ಇಂಗ್ಲಿಷ್ ನಿಮಗೆ ನೀರು ಕುಡಿದಷ್ಟು ಸಲೀಸು. ಆದರೆ ಈ ಅರಮನೆಯ ಅಡುಗೆಮನೆಯ ಸಾಲಿಗೆ ಕಾಲಿಟ್ಟರೆ ಆ ಇಂಗ್ಲಿಷಿಗೂ ಒಂದು ಅಜ್ಜಿಮನೆ ಇದೆ ಎಂಬುದು ತಿಳಿಯುತ್ತದೆ.

ಅಡುಗೆಮನೆ ಎಂದರೆ ಒಂದು ಕೋಣೆಯಲ್ಲ. ಸುಮಾರು 55 ಕೋಣೆಗಳು, 200 ಮಂದಿ ಕೆಲಸಗಾರರು, ದಿನಕ್ಕೆ 800ಕ್ಕೂ ಹೆಚ್ಚು ಊಟ. ಟ್ಯೂಡರ್ ಆಸ್ಥಾನದ ಒಂದು ವರ್ಷದ ಮಾಂಸದ ಲೆಕ್ಕದಲ್ಲಿ 8,200 ಕುರಿಗಳು, 1,870 ಹಂದಿಗಳು, 53 ಕಾಡುಹಂದಿಗಳು ಕಾಣುತ್ತವೆ. ಇಷ್ಟು ದೊಡ್ಡ ಗಿರಣಿ ನಡೆಯಬೇಕಾದರೆ ಪ್ರತಿಯೊಂದು ಕೆಲಸಕ್ಕೂ ಒಂದು ಇಲಾಖೆ, ಪ್ರತಿಯೊಂದು ಇಲಾಖೆಗೂ ಒಂದು ಹೆಸರು. ರೊಟ್ಟಿ ಇಡುವ ಕೋಣೆ ಪ್ಯಾಂಟ್ರಿ. ಲ್ಯಾಟಿನ್ ಭಾಷೆಯಲ್ಲಿ ರೊಟ್ಟಿಗೆ ಪಾನಿಸ್ ಎಂದು ಹೆಸರು. ಅದು ಫ್ರೆಂಚಿನ ಮೂಲಕ ಇಲ್ಲಿಗೆ ಬಂತು. ಅದೇ ಪಾನಿಸ್ ಪೋರ್ಚುಗೀಸರ ಬಾಯಲ್ಲಿ ಪಾವ್ ಆಗಿ ಹಡಗು ಹತ್ತಿ ನಮ್ಮ ಪಶ್ಚಿಮ ಕರಾವಳಿಗೂ ಇಳಿಯಿತು. ಮುಂಬೈಯ ವಡಾಪಾವಿನ ಪಾವೂ ಹೆನ್ರಿಯ ಪ್ಯಾಂಟ್ರಿಯೂ ದಾಯಾದಿಗಳು ಎಂದರೆ ನಂಬುತ್ತೀರಾ?

ಪಕ್ಕದ ಬಟರಿಯಲ್ಲಿ ಬೆಣ್ಣೆ ಹುಡುಕಬೇಡಿ. ಬಟ್ ಎಂದರೆ ಪೀಪಾಯಿ. ಬಿಯರಿನ ಪೀಪಾಯಿಗಳನ್ನು ಇಟ್ಟು ಹಂಚುವ ಜಾಗ ಅದು. ತಟ್ಟೆ ಪಾತ್ರೆಗಳದು ಸ್ಕಲರಿ. ಕೈತೊಳೆಯುವ ಹೂಜಿ, ಬೋಗುಣಿ, ಮೇಜಿನ ಬಟ್ಟೆಗಳದು ಯೂಅರಿ. ಮೇಣದ ಬತ್ತಿಗಳದು ಚಾಂಡ್ರಿ. ಕೋಳಿ, ಬಾತುಗಳನ್ನು ಬಿಸಿನೀರಿನಲ್ಲಿ ಅದ್ದಿ ಗರಿ ಕೀಳುವುದು ಸ್ಕಾಲ್ಡಿಂಗ್ ಹೌಸ್. ಮಾಂಸ, ಮೀನು ಕೊಂಡು ತರುವ ಇಲಾಖೆ ಅಕೇಟರಿ. ಬೆಂಕಿಯ ಮುಂದೆ ಕೂತು ಮಾಂಸ ಚುಚ್ಚಿದ ಕಬ್ಬಿಣದ ಸಲಾಕೆಯನ್ನು ಗಂಟೆಗಟ್ಟಲೆ ತಿರುಗಿಸುತ್ತಿದ್ದ ಹುಡುಗ ಟರ್ನ್‌ಬ್ರೋಚ್. ಅವನ ಪಾಡು ಹೇಗಿತ್ತೆಂದು ತಿಳಿಯಲು 1526ರಲ್ಲಿ ವುಲ್ಸಿ ಬರೆಸಿದ ಎಲ್ತಮ್ ಕಟ್ಟಳೆಗಳನ್ನು ನೋಡಬೇಕು. ಅಡುಗೆಮನೆಯ ಹುಡುಗರು ಬೆತ್ತಲೆಯಾಗಿಯೋ ಹೊಲಸು ಚಿಂದಿ ಉಟ್ಟೋ ತಿರುಗಕೂಡದು, ಒಲೆಯ ಪಕ್ಕದ ನೆಲದ ಮೇಲೆ ಮಲಗಕೂಡದು ಎಂದು ಅಲ್ಲಿ ಅಪ್ಪಣೆಯಾಗಿದೆ. ಅಪ್ಪಣೆ ಹೊರಡಿಸಬೇಕಾಯಿತು ಎಂದರೆ ಅಲ್ಲಿಯವರೆಗೆ ನಡೆಯುತ್ತಿದ್ದುದು ಅದೇ ತಾನೆ!

ಈ ಪಟ್ಟಿಯನ್ನು ಮತ್ತೊಮ್ಮೆ ಓದಿ. ಪ್ಯಾಂಟ್ರಿ ಇಂದಿಗೂ ಬದುಕಿದೆ. ನಮ್ಮ ರೈಲುಗಳಲ್ಲಿ ಪ್ಯಾಂಟ್ರಿ ಕಾರ್ ಇದೆ. ಅಕೇಟರಿ ಸತ್ತುಹೋಯಿತು, ಆದರೆ ಅದರ ಬೇರಿನ ಚಿಗುರು ಕೇಟರರ್ ಎಂಬ ಹೆಸರಿನಲ್ಲಿ ನಮ್ಮ ಮದುವೆಗಳ ಊಟ ಬಡಿಸುತ್ತಿದೆ. ಯೂಅರಿ, ಚಾಂಡ್ರಿ, ಟರ್ನ್‌ಬ್ರೋಚ್ ಇವು ನಿಘಂಟಿನ ಮೂಲೆ ಸೇರಿದವು. ಏಕೆ? ಯಾರೂ ಅವುಗಳ ಮೇಲೆ ನಿಷೇಧ ಹೇರಲಿಲ್ಲ. ಕೆಲಸ ನಿಂತಿತು, ಮಾತೂ ನಿಂತಿತು, ಅಷ್ಟೆ.

ಅಡುಗೆಮನೆಯಿಂದ ಮೇಲೆ ಹೋದರೆ ಸಿಗುವುದು ಮಹಾಸಭಾಂಗಣ. ಹೆನ್ರಿ 1532ರಲ್ಲಿ ಕೆಲಸ ಶುರುಮಾಡಿಸಿ ಮೂರು ವರ್ಷಗಳಲ್ಲಿ ಮುಗಿಸಿದ. ಮರದ ಛಾವಣಿಯನ್ನು ಕತ್ತೆತ್ತಿ ನೋಡಿದರೆ, ತೊಲೆಗಳ ಸಂದಿಯಿಂದ ಬಣ್ಣ ಬಳಿದ ಪುಟ್ಟ ಮುಖಗಳು ನಿಮ್ಮನ್ನೇ ದಿಟ್ಟಿಸುತ್ತಿರುತ್ತವೆ. ಇಲ್ಲಿ ಆಡಿದ್ದೆಲ್ಲ ಮೇಲಿನವರ ಕಿವಿಗೆ ಬೀಳುತ್ತದೆ ಎಂಬ ಎಚ್ಚರಿಕೆ. ಕದ್ದು ಕೇಳುವವನಿಗೆ ಈವ್ಸ್‌ಡ್ರಾಪರ್ ಎಂಬ ಹೆಸರು ಬಂದದ್ದೇ ಈ ಗೊಂಬೆಗಳಿಂದ ಎಂಬ ಕಥೆಯೊಂದು ಪ್ರಚಾರದಲ್ಲಿದೆ. ಕಥೆ ಚೆನ್ನಾಗಿದೆ, ಆದರೆ ನಿಜವಲ್ಲ. 1491ರಲ್ಲಿ ಹೆನ್ರಿ ಹುಟ್ಟುವ ಮೊದಲೇ ಆ ಮಾತು ಊರಿನ ನ್ಯಾಯದ ಕಡತದಲ್ಲಿತ್ತು. ಈವ್ಸ್ ಎಂದರೆ ಸೂರು. ಮಳೆಯ ನೀರು ಸೂರಿನಿಂದ ತೊಟ್ಟಿಕ್ಕುವ ಗೋಡೆಯಂಚಿನ ಜಾಗದಲ್ಲಿ ನಿಂತು ಒಳಗಿನ ಮಾತಿಗೆ ಕಿವಿಗೊಡುವವನು ಈವ್ಸ್‌ಡ್ರಾಪರ್. ಅದು ಅರಮನೆಯಲ್ಲಿ ಹುಟ್ಟಿದ ಮಾತಲ್ಲ, ಬಡವರ ಮನೆಯ ಸೂರಿನ ಕೆಳಗೆ ಹುಟ್ಟಿದ ಮಾತು.

ಈ ಸಭಾಂಗಣದಲ್ಲಿ ಆಸ್ಥಾನದ ಕೆಳಗಿನ ದರ್ಜೆಯವರಿಗೆ ಊಟ. ಎಲ್ತಮ್ ಕಟ್ಟಳೆಯ ಪ್ರಕಾರ ಮಧ್ಯಾಹ್ನದ ಊಟ ಬೆಳಿಗ್ಗೆ ಹತ್ತಕ್ಕೆ, ರಾತ್ರಿಯೂಟ ಸಂಜೆ ನಾಲ್ಕಕ್ಕೆ. ನಾಲ್ಕು ಜನಕ್ಕೆ ಒಂದು ಪಾಲು. ಆ ಪಾಲಿನ ಹೆಸರು ಮೆಸ್. ನಾಲ್ವರು ಒಟ್ಟಿಗೆ ಕೂತು ಹಂಚಿಕೊಂಡು ಉಣ್ಣುವ ಈ ಮೆಸ್ಸೇ ಮುಂದೆ ಸಿಪಾಯಿಗಳ ಮೆಸ್ಸಾಗಿ, ಕೊನೆಗೆ ನಿಮ್ಮ ಹಾಸ್ಟೆಲಿನ ಮೆಸ್ಸಾಯಿತು. ಹಾಗೆಯೇ ಬೋರ್ಡ್ ಎಂದರೆ ಹಲಗೆ. ಕಾಲುಗಳ ಮೇಲೆ ಹಲಗೆ ಹಾಸಿದರೆ ಊಟದ ಮೇಜು ಸಿದ್ಧ. ಊಟವಾದ ಮೇಲೆ ತೆಗೆದು ಗೋಡೆಗೆ ಒರಗಿಸುವುದು. ನಮ್ಮ ಹೋಟೆಲುಗಳ ಮೇಲೆ ಬರೆದಿರುವ ಬೋರ್ಡಿಂಗ್ ಅಂಡ್ ಲಾಡ್ಜಿಂಗ್ ಎಂಬುದರ ಬೋರ್ಡು ಈ ಊಟದ ಹಲಗೆಯೇ. ಬಟ್ಟಲುಗಳನ್ನು ಪ್ರದರ್ಶಿಸಲು ಇಟ್ಟ ಹಲಗೆ ಕಪ್‌ಬೋರ್ಡ್. ಬೆನ್ನಿಗೆ ಒರಗುಳ್ಳ ಕುರ್ಚಿ ಮಾತ್ರ ದೊಡ್ಡವರಿಗೆ ಮೀಸಲು, ಉಳಿದವರಿಗೆ ಬೆಂಚು, ಮಣೆ. ಚೇರ್ಮನ್ ಎಂಬ ಪದವಿಯ ಗತ್ತು ಎಲ್ಲಿಂದ ಬಂತೆಂದು ಈಗ ತಿಳಿಯಿತಲ್ಲ!

ಆಸ್ಥಾನದಲ್ಲಿ ಹಕ್ಕಿನ ಊಟ ಇರುವವನಿಗೆ ಬೂಷ್ ಆಫ್ ಕೋರ್ಟ್ ಇದೆ ಎನ್ನುತ್ತಿದ್ದರು. ಫ್ರೆಂಚಿನಲ್ಲಿ ಬೂಷ್ ಎಂದರೆ ಬಾಯಿ. ದರ್ಜೆಗೆ ತಕ್ಕಂತೆ ರೊಟ್ಟಿ, ಬಿಯರು, ದ್ರಾಕ್ಷಾರಸ, ಮೇಣದ ಬತ್ತಿ, ಚಳಿಗಾಲಕ್ಕೆ ಸೌದೆ ಇದರಲ್ಲಿ ಸೇರುತ್ತಿತ್ತು. ಊಟದ ತಟ್ಟೆಗಳನ್ನು ಕ್ರಮವಾಗಿ ಮೇಜಿಗೆ ತಂದಿಡಿಸುವ ಅಧಿಕಾರಿ ಸೂಯರ್. ಇಂದು ಆ ಮಾತು ಕೇಳಿದರೆ ಚರಂಡಿ ನೆನಪಾಗುತ್ತದೆ. ಆದರೆ ಅದು ಬೇರೆ ಬೇರಿನ ಪದ, ಉಚ್ಚಾರಣೆ ಮಾತ್ರ ಒಂದಾಯಿತು. ಬೇಸಗೆಯಲ್ಲಿ ಅರಸನು ಊರೂರು ಸುತ್ತುವ ಸವಾರಿಗೆ ಪ್ರೋಗ್ರೆಸ್ ಎಂದು ಹೆಸರು. ಮುಂದಾಗಿ ಹೋಗಿ ಎಲ್ಲರಿಗೂ ಬಿಡಾರ ಗೊತ್ತುಮಾಡುವವನು ಹಾರ್ಬಿಂಜರ್. ಪ್ರೋಗ್ರೆಸ್ ಈಗ ಶಾಲೆಯ ಅಂಕಪಟ್ಟಿಯಲ್ಲಿದೆ. ಹಾರ್ಬಿಂಜರ್ ಮುಂಬರುವ ಒಳಿತು ಕೆಡುಕುಗಳ ಸೂಚಕನಾಗಿ ಪತ್ರಿಕೆಗಳ ಸಂಪಾದಕೀಯದಲ್ಲಿ ಕಾಲ ತಳ್ಳುತ್ತಿದ್ದಾನೆ.

ಇನ್ನು ಹೇಳಲು ಸ್ವಲ್ಪ ಸಂಕೋಚದ ವಿಷಯ. ನೂರಾರು ಮಂದಿಯ ಶೌಚಕ್ಕೆ ಇಲ್ಲಿ ಒಂದೇ ಸಾರಿಗೆ 28 ಮಂದಿ ಕೂರಬಹುದಾದ ಸಾಮೂಹಿಕ ವ್ಯವಸ್ಥೆ ಇತ್ತು. ಅದರ ಹೆಸರು ಗ್ರೇಟ್ ಹೌಸ್ ಆಫ್ ಈಸ್‌ಮೆಂಟ್, ಅಂದರೆ ನಿರಾಳವಾಗುವ ಮಹಾಮಂದಿರ! ಅರಸನಿಗೆ ಮಾತ್ರ ಖಾಸಗಿ ಪೀಠ. ಅದರ ಹೊಣೆ ಹೊತ್ತವನು ಗ್ರೂಮ್ ಆಫ್ ದಿ ಸ್ಟೂಲ್. ನಗಬೇಡಿ, ಆಸ್ಥಾನದಲ್ಲಿ ಅವನಷ್ಟು ಅಸೂಯೆಗೆ ಗುರಿಯಾದವರು ಕಡಿಮೆ. ಅರಸನ ಏಕಾಂತದಲ್ಲಿ ಕಿವಿಯ ಹತ್ತಿರ ಇರುವವನು ಅವನೇ, ಖಾಸಗಿ ಹಣದ ಚೀಲ ನೋಡಿಕೊಳ್ಳುವವನೂ ಅವನೇ. ಆದರೆ ಹತ್ತಿರ ಇರುವುದೇ ಅಪಾಯ. ಆ ಹುದ್ದೆಯಲ್ಲಿದ್ದ ಹೆನ್ರಿ ನಾರಿಸ್ ರಾಣಿ ಆ್ಯನ್ ಬೊಲಿನ್ ಜೊತೆ ಆರೋಪಕ್ಕೆ ಸಿಕ್ಕಿ 1536ರ ಮೇ 17ರಂದು ತಲೆ ಕಳೆದುಕೊಂಡ.

ಆ ಹಣದ ಚೀಲದ ಹೆಸರು ಪ್ರಿವಿ ಪರ್ಸ್. ಪ್ರಿವಿ ಎಂದರೆ ಖಾಸಗಿ. ಈ ಮಾತು ಥೇಮ್ಸ್ ದಡದಲ್ಲೇ ಉಳಿಯಲಿಲ್ಲ. 1949ರವರೆಗೆ ನಮ್ಮ ಮೊಕದ್ದಮೆಗಳ ಕೊನೆಯ ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಗುತ್ತಿತ್ತು. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಅರಸರಿಗೆ ಭಾರತ ಸರ್ಕಾರ ಕೊಡಲೊಪ್ಪಿದ ವರ್ಷಾಶನಕ್ಕೂ ಪ್ರಿವಿ ಪರ್ಸ್ ಎಂದೇ ಹೆಸರಾಯಿತು. ಮೈಸೂರು ಮಹಾರಾಜರಿಗೆ ನಿಗದಿಯಾದದ್ದು 26 ಲಕ್ಷ ರೂಪಾಯಿ. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯೊಂದಿಗೆ ಅದು ರದ್ದಾಯಿತು. ಅಲ್ಲಿಗೆ ಪ್ರಿವಿ ಪರ್ಸ್ ನಮ್ಮ ದಿನಪತ್ರಿಕೆಗಳಿಂದ ಇಳಿದು ಪಠ್ಯಪುಸ್ತಕ ಸೇರಿತು. ಮಾತು ಮರೆಯಾಗುವುದನ್ನು ನಮ್ಮ ಹಿರಿಯರು ಕಣ್ಣೆದುರಿಗೇ ಕಂಡ ಉದಾಹರಣೆ ಇದು.

ಹೆನ್ರಿಯ ಮಗ ಎಡ್ವರ್ಡ್ ಹುಟ್ಟಿದ್ದು ಇದೇ ಅರಮನೆಯಲ್ಲಿ, 1537ರ ಅಕ್ಟೋಬರ್ 12ರಂದು. ಅವನಿಗೆ ಗುರುವಾಗಿ ಬಂದವನು ಜಾನ್ ಚೀಕ್ ಎಂಬ ಗ್ರೀಕ್ ಪಂಡಿತ. ಇಂಗ್ಲಿಷ್ ಎರವಲು ಮಾತುಗಳಿಂದ ಕಲಬೆರಕೆಯಾಗುತ್ತಿದೆ ಎಂಬುದು ಚೀಕನ ಕೊರಗು. ಅವನು ಬರಿಯ ಕೊರಗಲ್ಲೇ ಉಳಿಯಲಿಲ್ಲ. ಬೈಬಲಿನ ಭಾಗವೊಂದನ್ನು ಇಂಗ್ಲಿಷಿಗೆ ತರುವಾಗ ಅಚ್ಚ ಇಂಗ್ಲಿಷ್ ಪದಗಳನ್ನು ತಾನೇ ಕಟ್ಟಿದ. ನೂರು ಸಿಪಾಯಿಗಳ ನಾಯಕ ಸೆಂಚುರಿಯನ್ ಅವನ ಕೈಯಲ್ಲಿ ಹಂಡ್ರೆಡರ್ ಆದ. ಹುಚ್ಚ ಎಂಬರ್ಥದ ಲ್ಯುನಾಟಿಕ್ ಮೂನ್ಡ್ ಆದ. ಶುದ್ಧವಾದ, ಸರಳವಾದ ಪದಗಳು. ಆದರೆ ಜನ ಅವನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಪಂಡಿತ ಕಟ್ಟಿದ ಶುದ್ಧ ಪದಗಳು ನಾಲಗೆಗೆ ಬಾರದೆ ಸತ್ತವು. ಕೆಳಗಿನ ಅಡುಗೆಮನೆಯ ಬೆರಕೆ ಪದಗಳು ಐನೂರು ವರ್ಷ ಬಾಳಿದವು.

ಈ ಅರಮನೆಯಿಂದ ನೀವು ಕಟ್ಟಿಕೊಂಡು ಬರಬೇಕಾದ ಬುತ್ತಿ ಇದೇ. ಎರವಲು ತಂದರೆ ಭಾಷೆ ಸಾಯುವುದಿಲ್ಲ, ಬಳಸದೆ ಬಿಟ್ಟರೆ ಸಾಯುತ್ತದೆ. ನಮ್ಮ ಕುರ್ಚಿ ಅರಬ್ಬಿಯ ಕಡೆಯಿಂದ ಬಂತು, ಚಾವಿ ಪೋರ್ಚುಗೀಸಿನಿಂದ ಬಂತು. ಅದರಿಂದ ಕನ್ನಡ ಬಡವಾಗಲಿಲ್ಲ. ಮನೆಯಲ್ಲಿ ನಿಮ್ಮ ಕನ್ನಡದ ನಡುವೆ ಹಿಂದಿ, ಮರಾಠಿ, ತಮಿಳು, ಇಂಗ್ಲಿಷ್ ನುಸುಳಿದರೆ ನಾಚಿಕೆ ಪಡಬೇಕಾದ್ದಿಲ್ಲ. ತಪ್ಪಾದೀತು ಎಂದು ಹೆದರಿ ಮಾತೇ ನಿಲ್ಲಿಸುವುದು ಅಪಾಯ. ಜಗಲಿ, ಹಿತ್ತಲುಗಳಿಲ್ಲದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಬೆಳೆದ ನಿಮಗೆ ನೆಲುವು, ನಾಗಂದಿಗೆ, ಈಳಿಗೆಮಣೆ, ಕೊಪ್ಪರಿಗೆ ಎಂಬ ಮಾತುಗಳು ಯೂಅರಿ, ಚಾಂಡ್ರಿಗಳಷ್ಟೇ ದೂರವಾಗಿರಬಹುದು. ವಸ್ತು ಹೋದ ಮೇಲೆ ಮಾತು ಹೋಗುವುದು ಸಹಜ. ಆದರೆ ಟ್ಯೂಡರ್ ಅಡುಗೆಮನೆಯ ಸತ್ತ ಮಾತುಗಳು ನಮಗೆ ಸಿಕ್ಕಿದ್ದು ಹೇಗೆ ಗೊತ್ತೆ? ಹಸಿರು ಬಟ್ಟೆ ಹಾಸಿದ ಮೇಜಿನ ಮುಂದೆ ಕೂತು, ಒಳಗೆ ಬಂದ ರೊಟ್ಟಿ, ಬತ್ತಿ, ಬಿಯರುಗಳ ಲೆಕ್ಕವನ್ನು ದಿನವೂ ಬರೆದಿಟ್ಟ ಗುಮಾಸ್ತರಿಂದ. ಕವಿಗಳಿಗಿಂತ ಅವರ ಉಪಕಾರ ದೊಡ್ಡದು.

1737ರ ನಂತರ ಯಾವ ದೊರೆಯೂ ಹ್ಯಾಂಪ್ಟನ್ ಕೋರ್ಟಿನಲ್ಲಿ ಆಸ್ಥಾನ ಹೂಡಲಿಲ್ಲ. 1838ರಲ್ಲಿ ವಿಕ್ಟೋರಿಯಾ ರಾಣಿ ಅದನ್ನು ಜನರಿಗೆ ತೆರೆದಳು. ಅರಸರು ಹೋದರು, ಅವರ ಬಿರುದುಗಳು ಹೋದವು. ಪ್ಯಾಂಟ್ರಿ, ಮೆಸ್ಸು, ಬೋರ್ಡು ಉಳಿದವು. ಅಜ್ಜಿಯೋ ಅಮ್ಮನೋ ಅಡುಗೆಮನೆಯಲ್ಲಿರುವಾಗ ಈ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ಪಕ್ಕದಲ್ಲಿ ನಿಲ್ಲಿ. ಇದಕ್ಕೇನೆನ್ನುತ್ತಾರೆ, ಅದಕ್ಕೇನೆನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಬರೆದ ಮಾತಿನಲ್ಲಿ ದಿನಕ್ಕೆ ಒಂದನ್ನಾದರೂ ಊಟದ ಹೊತ್ತಿಗೆ ಆಡಿ.